ಮಾವನ ಬೆನ್ನು ನೋಡಿ ಕಲಿತದ್ದು

ಫೆಬ್ರವರಿ ೩

ನನ್ನ ಕಡ್ಡಿ ಪೈಲ್ವಾನಳೇ,

ನಾನು ಚೆನ್ನಾಗಿದ್ದೇನೆ, ನಿನ್ನಮ್ಮ ಚೆನ್ನಾಗಿದ್ದಾಳೆ, ನನ್ನ ಮೀಸೆ ನಮ್ಮಿಬ್ಬರಿಗಿಂತ ಚೆನ್ನಾಗಿದೆ. ಯಾಕೆ ಅಂತ ಕೇಳು. ನಿನ್ನೆ ಅದಕ್ಕೆ ಬಣ್ಣ ಹಚ್ಚಿದೆ. ಯಾಕೆ ಹಚ್ಚಿದೆ ಅಂತ ಕೇಳು. ಅಂಗಡಿಗೆ ಸಿನಿಮಾದವರು ಬಂದಿದ್ದರು!

ಇದನ್ನು ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕ್ಯಾಂಪಿನವರು ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಭಾನುವಾರ ಕೊಡುವ ಹತ್ತು ನಿಮಿಷವನ್ನು ನಿನ್ನಮ್ಮ "ಊಟ ಮಾಡಿದ್ಯಾ, ತೂಕ ಎಷ್ಟಿದೆ" ಎನ್ನುವುದರಲ್ಲೇ ಮುಗಿಸುತ್ತಾಳೆ. ನನ್ನಂಥವನ ಮಾತು ಹತ್ತು ನಿಮಿಷದ ಬಾಬತ್ತಲ್ಲ. ಅದಕ್ಕೇ ಈ ಕಾಗದ. ಏಳನೇ ಕ್ಲಾಸಿನ ಮೇಷ್ಟ್ರು ನನ್ನ ಅಕ್ಷರ ನೋಡಿ ಮುತ್ತು ಪೋಣಿಸಿದ ಹಾಗಿದೆ ಅಂದಿದ್ದರು. ಎಂಟನೆಯದಕ್ಕೂ ಹೋಗಿದ್ದರೆ ಇನ್ನೇನು ಅನ್ನುತ್ತಿದ್ದರೋ, ಹೋಗಲಿಲ್ಲ.

ಬಂದವರು ಇಬ್ಬರು. ಒಬ್ಬರು ಡೈರೆಕ್ಟರ್ ಸಾಹೇಬರು. ಅವರ ತಲೆಯಲ್ಲಿ ಒಂದು ಎಳೆ ಕೂದಲಿಲ್ಲ. ಕ್ಷೌರದ ಅಂಗಡಿಗೆ ಅಂಥ ತಲೆ ಬಂದಾಗ ನನ್ನ ಕೈ ಏನು ಮಾಡಬೇಕು ಹೇಳು? ಸುಮ್ಮನೆ ಟವೆಲ್ಲಿನಿಂದ ಒರೆಸಿ ಕಳಿಸಿದೆ. ಇನ್ನೊಬ್ಬಳು ಕಥೆ ಬರೆಯುವ ಹುಡುಗಿ. ಕನ್ನಡಕ, ಕೈಯಲ್ಲಿ ಪುಸ್ತಕ, ನಾನು ಕೆಮ್ಮಿದರೂ ಬರೆದುಕೊಳ್ಳುತ್ತಾಳೆ. ಕಳೆದ ವರ್ಷ ನೀನು ಪದಕ ಗೆದ್ದೆಯಲ್ಲ, ಅದನ್ನು ಪತ್ರಿಕೆಯಲ್ಲಿ ಓದಿ ನಿನ್ನ ಜೀವನವನ್ನೇ ಸಿನಿಮಾ ಮಾಡಬೇಕು ಅಂತ ಹೊರಟಿದ್ದಾರೆ.

"ಯಜಮಾನ್ರೇ, ಅವರಿಗೆ ಮೊದಲು ಕಲಿಸಿದವರು ಯಾರು?" ಅಂದರು.

ನಾನು ಕತ್ತರಿಯನ್ನು ನಿಧಾನವಾಗಿ ಕೆಳಗಿಟ್ಟೆ. "ನಿಮ್ಮೆದುರು ನಿಂತಿದ್ದಾನಲ್ಲ, ಇವನೇ" ಅಂದೆ.

ಆಮೇಲೆ ಎಲ್ಲವನ್ನೂ ಹೇಳಿದೆ. ನಿನ್ನಪ್ಪ ತೀರಿಕೊಂಡ ಮೇಲೆ ನೀವಿಬ್ಬರೂ ನನ್ನ ಮನೆಗೆ ಬಂದದ್ದು, ನಿನ್ನಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದ್ದು, ಹತ್ತು ವರ್ಷದ ನಿನ್ನ ಕಣ್ಣಿನಲ್ಲಿ ನಾನು ಬಾಕ್ಸಿಂಗಿನ ಕಿಡಿ ಕಂಡದ್ದು, ಹಳೇ ಕುರ್ಚಿಯ ತಲೆದಿಂಬನ್ನು ಬಿಚ್ಚಿ ಕೈಗೆ ಕಟ್ಟಿಕೊಂಡು ನಿನ್ನ ಗುದ್ದಿಗೆ ಹಿಡಿದದ್ದು. ನಾನೂ ವಯಸ್ಸಿನಲ್ಲಿ ಮೂರು ಊರಿನ ಬಾಕ್ಸರುಗಳನ್ನು ಮಲಗಿಸಿದವನು ಅಂತ ಸ್ವಲ್ಪ ಸೇರಿಸಿದೆ. ಉಪ್ಪಿಲ್ಲದೆ ಅಡುಗೆ ಆಗುತ್ತದಾ?

ನಿನ್ನ ಮೊದಲ ಪಂದ್ಯದ ಕಥೆಯನ್ನೂ ಹೇಳಿದೆ. ಅಲ್ಲಿ ಬಂದ ಹುಡುಗಿಯರೆಲ್ಲ ತಪ್ಪಾಗಿ ನಿಂತಿದ್ದರು, ನೆನಪಿದೆಯಾ? ಎಡಗಾಲು ಮುಂದೆ, ಎಡಗೈ ಮುಂದೆ. ಟೀವಿಯಲ್ಲಿ ದೊಡ್ಡ ದೊಡ್ಡ ಬಾಕ್ಸರುಗಳು ನಿಲ್ಲುವ ಹಾಗೆ ಬಲಗಾಲು, ಬಲಗೈ ಮುಂದಿಟ್ಟು ನಿಂತವಳು ನೀನೊಬ್ಬಳೇ. ಅವತ್ತೇ ನನಗೆ ಮರುಕವಾಗಿತ್ತು. ಪಾಪ, ಆ ಮಕ್ಕಳಿಗೆ ಸರಿಯಾದ ಗುರು ಸಿಕ್ಕಿಲ್ಲ. ಎರಡನೇ ಪಂದ್ಯದಲ್ಲಿ ನಿನ್ನ ಮೂಗು ಮುರಿದಾಗ ನಾನು ಹೇಳಿದ "ಮೂಗು ಮುರಿಯದೆ ಬಾಕ್ಸರ್ ಆಗೋದಿಲ್ಲ" ಎಂಬ ಮಾತನ್ನು ಹುಡುಗಿ ಎರಡು ಸಲ ಕೇಳಿ ಬರೆದುಕೊಂಡಳು. ಸಿನಿಮಾದಲ್ಲಿ ಶಿಳ್ಳೆ ಬೀಳುವ ಮಾತಂತೆ.

ನಿನ್ನ ಕಥೆ ಮಾಡಲು ಒಪ್ಪಿಗೆ ಎಂಬ ಕಾಗದ ನಿನಗೂ ಬರುತ್ತದೆ. ಬೇಗ ಸಹಿ ಹಾಕು. ಪಕ್ಕದ ದರ್ಜಿಗೆ, ಎದುರಿನ ಟೀ ಅಂಗಡಿಯವನಿಗೆ, ನಮ್ಮ ಅಂಚೆಯವನಿಗೆ, ಬೀದಿಗೆ ಬೀದಿಗೇ ಹೇಳಿಯಾಗಿದೆ. ಈಗ ಸಿನಿಮಾ ಆಗದಿದ್ದರೆ ನಾನು ಅಂಗಡಿಯ ಬಾಗಿಲು ತೆಗೆಯುವ ಹಾಗಿಲ್ಲ.

ಇಂತಿ,
ಸದ್ಯದಲ್ಲೇ ತೆರೆಯ ಮೇಲೆ ಬರಲಿರುವ
ನಿನ್ನ ಮಾವ


ಫೆಬ್ರವರಿ ೧೪

ಮಾವಾ,

ನಿನ್ನ ಕಾಗದವನ್ನು ಊಟದ ಹಾಲ್‌ನಲ್ಲಿ ಓದಿದೆ. ನಗು ತಡೆಯಲಾರದೆ ನೀರು ಮೂಗಿಗೆ ಹತ್ತಿತು. ಮುರಿದ ಮೂಗಿಗೆ ನೀರು ಹತ್ತಿದರೆ ಎಷ್ಟು ಉರಿಯುತ್ತದೆ ಅಂತ ನಿನಗೇನು ಗೊತ್ತು.

ಮೂರು ಊರಿನ ಬಾಕ್ಸರುಗಳನ್ನು ನೀನು ಮಲಗಿಸಿದ್ದು ಯಾವಾಗ? ಕುರ್ಚಿ ಹಿಂದಕ್ಕೆ ಬಾಗಿಸಿ ಗಡ್ಡ ಹೆರೆಯುವಾಗಲಾ? ಮತ್ತೆ ನನ್ನ ಕಣ್ಣಿನ ಕಿಡಿ! ಶಾಲೆಯ ಗ್ರೂಪ್ ಫೋಟೋದ ಹಿಂದಿನ ದಿನ "ಹೊಸ ಫ್ಯಾಷನ್" ಅಂತ ನನ್ನ ಕೂದಲನ್ನು ಒಂದು ಕಡೆ ಕಿವಿಯ ಮೇಲೆ, ಇನ್ನೊಂದು ಕಡೆ ಕಿವಿಯ ಕೆಳಗೆ ಕತ್ತರಿಸಿದವರು ಯಾರು? ಇಡೀ ಕ್ಲಾಸು ನಕ್ಕಿತು. ನಾನು ಅಳುತ್ತಾ ಬಂದು ನಿನ್ನ ಕುರ್ಚಿಯ ತಲೆದಿಂಬಿಗೆ ಗುದ್ದಿದೆ. ಅದು ಕಿತ್ತು ಕೈಗೆ ಬಂತು. ಬೈತೀಯಾ ಅಂದುಕೊಂಡರೆ ನೀನು ದಿಂಬನ್ನು ಎತ್ತಿ ಹಿಡಿದು "ಇನ್ನೊಂದು ಹೊಡಿ ನೋಡೋಣ" ಅಂದೆ. ಆ ಹುಡುಗಿಗೆ ಇದನ್ನು ಹೇಳು ಮಾವ. ನಿನ್ನ ಕಿಡಿಗಿಂತ ಇದು ಚೆನ್ನಾಗಿದೆ.

ಇಲ್ಲಿ ಈಗಲೂ ಒಂದು ರೂಮಿಗೆ ನಾಲ್ಕು ಜನ, ನಾಲ್ಕು ಮಂಚ, ಕಿಟಕಿಗೆ ಒಣಹಾಕಿದ ಎಂಟು ಕೈಪಟ್ಟಿ. ಬೆಳಿಗ್ಗೆ ಐದೂವರೆಗೆ ಓಟ. ಕೋಚಮ್ಮ ನೋಡಲು ನಮ್ಮ ಗಣಿತದ ಟೀಚರ್ ಥರ, ಬೈಗುಳ ಮಾತ್ರ ಬಸ್ ಸ್ಟ್ಯಾಂಡಿನದು. ಏಪ್ರಿಲ್ ಒಂಬತ್ತಕ್ಕೆ ಆಯ್ಕೆಯ ಪಂದ್ಯ. ನನ್ನ ತೂಕಕ್ಕೆ ಇರುವುದು ಒಂದೇ ಜಾಗ. ಗೆದ್ದರೆ ದೇಶದ ತಂಡಕ್ಕೆ. ಸೋತರೆ ಇನ್ನೆರಡು ವರ್ಷ ಕಾಯಬೇಕು.

ಮೂರು ವರ್ಷದ ಕೆಳಗೆ ನಾನು ಇಲ್ಲಿಗೆ ಬಂದ ಮೊದಲ ದಿನ ಕೋಚಮ್ಮ ನನ್ನನ್ನು ನಿಲ್ಲಿಸಿ, "ಬರೆಯೋದು ಯಾವ ಕೈಯಲ್ಲಿ?" ಅಂದರು. ಬಲಗೈ ಅಂದೆ. "ಯಾರಮ್ಮಾ ನಿನಗೆ ಹೀಗೆ ನಿಲ್ಲೋಕೆ ಕಲಿಸಿದ್ದು?" ಅಂದರು. ನಮ್ಮ ಮಾವ ಅಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾಕೆ ಅಂತ ಇನ್ನೊಂದು ದಿನ ಹೇಳುತ್ತೇನೆ.

ಒಪ್ಪಿಗೆ ಕಾಗದ ಬಂದಿದೆ. ಕಥೆ ಪೂರ್ತಿ ಓದಿಯೇ ಸಹಿ ಹಾಕುವುದು.

ಕಡ್ಡಿ


ಫೆಬ್ರವರಿ ೨೪

ಕಡ್ಡೀ,

ನಿನ್ನ ಅಕ್ಷರಕ್ಕೆ ಏನಾಗಿದೆ? ಕೋಳಿ ಮಸಿಯಲ್ಲಿ ಕಾಲಿಟ್ಟು ಓಡಾಡಿದ ಹಾಗಿದೆ. ಕೈಗೆ ಪೆಟ್ಟಾಗಿದೆಯಾ? ನಿಜ ಹೇಳು. ನಿನ್ನಮ್ಮನಿಗೆ ಹೇಳುವುದಿಲ್ಲ.

ಕೋಚಮ್ಮ ಯಾಕೆ ನಕ್ಕರು ಅಂತ ನೀನು ಹೇಳಬೇಕಾಗಿಲ್ಲ, ನನಗೆ ಗೊತ್ತು. ಅದು ಸಂತೋಷದ ನಗು. ಸಿದ್ಧಮಾಡಿದ ವಸ್ತು ಕೈಗೆ ಬಂದರೆ ಯಾರಿಗೆ ನಗು ಬರುವುದಿಲ್ಲ? ಆದರೆ ಆ ಪತ್ರಿಕೆಯವನ ಮೇಲೆ ನನಗಿನ್ನೂ ಕೋಪವಿದೆ. "ಎಡಗೈ ಶೈಲಿಯ ಹುಡುಗಿ" ಅಂತ ಬರೆದಿದ್ದನಲ್ಲ. ನೀನು ಉಣ್ಣುವುದು, ಬರೆಯುವುದು, ಬಾಗಿಲು ಬಡಿಯುವುದು ಎಲ್ಲ ಬಲಗೈಯಲ್ಲಿ. ಅಕ್ಷರ ಬಂದ ಮಾತ್ರಕ್ಕೆ ಕಣ್ಣು ಬಂತು ಅಂತಲ್ಲ.

ಸಿನಿಮಾದವರು ಮತ್ತೆ ಬಂದರು. ಈ ಸಲ ಕ್ಯಾಮೆರಾದವನೂ ಇದ್ದ. ಅಂಗಡಿಯನ್ನು ಇಂಚಿಂಚೂ ಅಳೆದ. ಬರೆಯುವ ಹುಡುಗಿ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಳು. ಟೀವಿಯಲ್ಲಿ ಬಾಕ್ಸಿಂಗ್ ಬರುತ್ತಿತ್ತು. ನಾನು ಅಂಚೆಯವನ ಕತ್ತಿನ ಕೂದಲು ಹೆರೆಯುತ್ತಾ, ಕನ್ನಡಿಯಲ್ಲಿ ಆಟ ನೋಡುತ್ತಾ ಅವಳಿಗೆ ವಿವರಿಸುತ್ತಿದ್ದೆ.

"ನೀವು ಬಾಕ್ಸಿಂಗ್ ನೋಡಿದ್ದೆಲ್ಲ ಇಲ್ಲೇನಾ?" ಅಂದಳು.

"ಇಲ್ಲೇ. ಇಪ್ಪತ್ತು ವರ್ಷ. ಮನೆ ಟೀವಿ ನಮ್ಮಕ್ಕನ ಧಾರಾವಾಹಿಗೆ ಮೀಸಲು."

"ಟೀವಿ ಯಾವಾಗಲೂ ಆ ಹಿಂದಿನ ಗೋಡೆ ಮೇಲೇನಾ?"

"ಹೌದಮ್ಮಾ."

"ಹಾಗಾದರೆ ನೋಡೋದು ಯಾವಾಗಲೂ ಕನ್ನಡಿಯಲ್ಲೇನಾ?"

"ಮತ್ತೇನು, ಗಿರಾಕಿಯ ಗಂಟಲ ಮೇಲೆ ಕತ್ತಿ ಇಟ್ಟು ಹಿಂದೆ ತಿರುಗಲಾ? ಕಾಯೋರ ಬೆಂಚು ಕೂಡ ಟೀವಿ ಕೆಳಗೇ ಇದೆ, ಅವರಿಗೂ ಕನ್ನಡಿಯೇ ಗತಿ" ಅಂದೆ.

ಅವಳು ಟೀವಿ ನೋಡಿದಳು, ಕನ್ನಡಿ ನೋಡಿದಳು, ಮತ್ತೆ ಟೀವಿ ನೋಡಿದಳು. ಆಮೇಲೆ ಬಾಯಿಗೆ ಪುಸ್ತಕ ಅಡ್ಡ ಹಿಡಿದು ಹೊರಗೋಡಿದಳು. ಟೀ ಅಂಗಡಿಯ ಮುಂದೆ ನಿಂತು ಒಬ್ಬಳೇ ನಗುತ್ತಿದ್ದಳಂತೆ, ಕಣ್ಣು ಒರೆಸಿಕೊಳ್ಳುತ್ತಿದ್ದಳಂತೆ. ಕಥೆ ಬರೆಯುವವರ ತಲೆ ಹಾಗೇ ಇರಬೇಕು.

ಕ್ಯಾಮೆರಾದವನದು ಬೇರೆ ರಗಳೆ. ಟೀವಿಯ ಬೆಳಕು ಕನ್ನಡಿಗೆ ಹೊಡೆಯುತ್ತದಂತೆ. ನಾಳೆ ಅದನ್ನು ಕಿತ್ತು ಕನ್ನಡಿಯ ಪಕ್ಕದ ಗೋಡೆಗೆ ಹಾಕಿಸುತ್ತಾರೆ. ಆಗಲಿ, ಕಲೆಗೋಸ್ಕರ ಒಂದು ಮೊಳೆ ಹೊಡೆಸಿಕೊಳ್ಳದಿದ್ದರೆ ಹೇಗೆ!

ಕೈಯ ವಿಷಯ ಬರಿ.

ಇಂತಿ,
ಗೋಡೆಯನ್ನೇ ಕಲೆಗೆ ಅರ್ಪಿಸಿದ
ನಿನ್ನ ಮಾವ


ಮಾರ್ಚ್ ೧೨

ಮಾವಾ,

ನೀನು ಬರೆದು ಹದಿನಾರು ದಿನವಾಯಿತು. ನಾನು ಉತ್ತರ ತಡ ಮಾಡಿದರೆ ಬೈದು ಇನ್ನೊಂದು ಬರೆಯುವವನು ನೀನು. ಅಂಚೆಯ ಪೆಟ್ಟಿಗೆಯಲ್ಲಿ ರೂಮಿನ ಮೂವರಿಗೂ ಕಾಗದ ಇತ್ತು, ನನಗಿರಲಿಲ್ಲ.

ಭಾನುವಾರ ಅಮ್ಮ ಹೇಳಿದಳು, ನೀನು ಎರಡು ದಿನ ಅಂಗಡಿ ತೆಗೆಯಲಿಲ್ಲವಂತೆ. ಜ್ವರವಾ? ಅಮ್ಮನನ್ನು ಕೇಳಿದರೆ "ಜ್ವರ ಇಲ್ಲ, ಮಾತೂ ಇಲ್ಲ. ಅವನ ಬಾಯಿ ಮುಚ್ಚಿದ್ದು ಅವನು ಹುಟ್ಟಿದಾಗಿನಿಂದ ನಾನು ನೋಡಿಲ್ಲ" ಅಂದಳು. ಫೋನ್ ಕೊಡು ಅಂದೆ. ನೀನು ಬಚ್ಚಲಿನಲ್ಲಿದ್ದೀಯ ಅಂದಳು. ಹತ್ತು ನಿಮಿಷವೂ ನೀನು ಬಚ್ಚಲಿನಲ್ಲೇ ಇದ್ದೆ.

ನೀನು ಬಾಕ್ಸರುಗಳನ್ನು ಮಲಗಿಸಿದ ವಿಷಯ ಎತ್ತಿ ನಾನು ಗೇಲಿ ಮಾಡಿದ್ದಕ್ಕೆ ಬೇಸರವಾಯಿತಾ? ತಮಾಷೆಗೆ ಬರೆದದ್ದು ಮಾವ. ಬೇಕಾದರೆ ನಾಲ್ಕು ಊರು ಅನ್ನು, ನಾನೇ ಸಾಕ್ಷಿ ಹೇಳುತ್ತೇನೆ.

ಕೈಗೆ ಏನೂ ಆಗಿಲ್ಲ.

ಬರಿ.

ಕಡ್ಡಿ


ಮಾರ್ಚ್ ೨೦

ಚಿರಂಜೀವಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಮೇಲೆ ನನಗೆ ಬೇಸರವಿಲ್ಲ. ಬರೆಯಲು ಕೈ ಏಳಲಿಲ್ಲ, ಅಷ್ಟೇ.

ಟೀವಿಯನ್ನು ಕನ್ನಡಿಯ ಪಕ್ಕಕ್ಕೆ ಹಾಕಿದ ಮಾರನೆಯ ದಿನ ಬಾಕ್ಸಿಂಗ್ ಬಂತು. ನೋಡಿದರೆ ಇಬ್ಬರೂ ಎಡಗೈ ಮುಂದಿಟ್ಟು ನಿಂತಿದ್ದಾರೆ. ಇದೇನು ಅಂತ ಇನ್ನೊಂದು ಪಂದ್ಯ ನೋಡಿದೆ. ಅಲ್ಲೂ ಹಾಗೆಯೇ. ಟೀವಿ ರಿಪೇರಿಯವನನ್ನು ಕರೆಸಿ "ಉಲ್ಟಾ ಕೂರಿಸಿದ್ದೀಯಲ್ಲೋ" ಅಂತ ಬೈದೆ. ಅವನು ಸಮಾಧಾನದಿಂದ, "ಅಣ್ಣಾ, ಕೆಳಗೆ ಅಕ್ಷರ ಬರ್ತಿದೆಯಲ್ಲ, ಓದಿ ನೋಡು" ಅಂದ. ಓದಲು ಬಂತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಓದಲು ಬಂತು.

ಕನ್ನಡಿಯಲ್ಲಿ ಅಕ್ಷರ ತಿರುಗುತ್ತದೆ ಅಂತ ನನಗೆ ಗೊತ್ತಿತ್ತು. ಮನುಷ್ಯರೂ ತಿರುಗುತ್ತಾರೆ ಅಂತ ಹೊಳೆಯಲೇ ಇಲ್ಲ. ದಿನಕ್ಕೆ ಮೂವತ್ತು ತಲೆಗೆ ಕನ್ನಡಿ ನೋಡಿಕೊಂಡು ಬೈತಲೆ ತೆಗೆಯುವವನು ನಾನು. ಯಾರ ಬೈತಲೆಯನ್ನೂ ತಪ್ಪು ಕಡೆ ತೆಗೆದವನಲ್ಲ. ನಿನ್ನೊಬ್ಬಳಿಗೆ ಮಾತ್ರ ಇಡೀ ಆಟವನ್ನೇ ತಪ್ಪು ಕಡೆಯಿಂದ ಕಲಿಸಿದೆ.

ನಿನ್ನ ಮೊದಲ ಪಂದ್ಯದಲ್ಲಿ ಆ ಹುಡುಗಿಯರು ಸರಿಯಾಗಿಯೇ ನಿಂತಿದ್ದರು. ಅವರನ್ನು ನೋಡಿ ನಾನು ಮರುಕಪಟ್ಟಿದ್ದೆ. ನಿನ್ನ ಮೂಗಿನಿಂದ ರಕ್ತ ಇಳಿಯುತ್ತಿದ್ದಾಗ ದೊಡ್ಡದಾಗಿ ಡೈಲಾಗ್ ಹೊಡೆದಿದ್ದೆ. ಆ ಮೂಗು ಮುರಿದದ್ದು ಎದುರಿನವಳಲ್ಲ, ನಾನು. ಕೋಚಮ್ಮ ಯಾಕೆ ನಕ್ಕರು, ಬರೆಯುವ ಹುಡುಗಿ ಯಾಕೆ ನಕ್ಕಳು ಅಂತ ಈಗ ಅರ್ಥವಾಯಿತು.

ನಾನು ಯಾವತ್ತೂ ಬಾಕ್ಸಿಂಗ್ ಆಡಿದವನಲ್ಲ. ಜೀವಮಾನದಲ್ಲಿ ಒಂದೇ ಸಲ ಗುದ್ದು ತಿಂದಿದ್ದೇನೆ, ಅದೂ ನಿನ್ನಮ್ಮನ ಕೈಯಲ್ಲಿ. ಇದನ್ನೆಲ್ಲ ಸಿನಿಮಾದವರಿಗೆ ಬರೆದು ಕಳಿಸಿದೆ. ನನ್ನನ್ನು ಕಥೆಯಿಂದ ತೆಗೆದುಬಿಡಿ, ಬೇರೆ ಯಾರಾದರೂ ತಿಳಿದವರು ಕಲಿಸಿದರು ಅಂತ ಮಾಡಿಕೊಳ್ಳಿ, ನಾಲ್ಕು ಜನ ನೋಡಿ ನಗುವಂಥ ಕಥೆ ನನ್ನ ಅಕ್ಕನ ಮಗಳದು ಆಗಬಾರದು ಅಂದೆ. ಅವರು ತಕ್ಷಣ ಒಪ್ಪಿದರು.

ಪಂದ್ಯಕ್ಕೆ ಇನ್ನೂ ಇಪ್ಪತ್ತು ದಿನ ಇದೆ. ಕೋಚಮ್ಮನಿಗೆ ಹೇಳಿ ನಿನ್ನನ್ನು ನೇರ ಮಾಡಿಸಿಕೋ. ನನ್ನ ಮೇಲಿನ ದಾಕ್ಷಿಣ್ಯಕ್ಕೆ ಹಾಗೇ ಉಳಿಯಬೇಡ.

ಇಂತಿ,
ನಿನ್ನ ಸೋದರಮಾವ


ಮಾರ್ಚ್ ೨೮

ಮಾವಾ,

ಮೊದಲು ಈ ಕಾಗದವನ್ನು ಕುರ್ಚಿಯ ಮೇಲೆ ಕೂತು ಓದು. ಗಿರಾಕಿ ಕೂತಿದ್ದರೆ ಎಬ್ಬಿಸು.

"ಚಿರಂಜೀವಿಗೆ" ಅಂತೆ! ಯಾರೋ ತೀರಿಕೊಂಡರು ಅಂತ ಹೆದರಿಬಿಟ್ಟೆ. ಇನ್ನೊಂದು ಸಲ ಹಾಗೆ ಬರೆದರೆ ಮನೆಗೆ ಬಂದು ನಿನ್ನ ಮೀಸೆ ಒಂದು ಕಡೆ ಬೋಳಿಸುತ್ತೇನೆ.

ಈಗ ಕೇಳು. ಬಲಗೈಯವರೆಲ್ಲ ಎಡಗೈ ಮುಂದಿಡುತ್ತಾರೆ, ಶಕ್ತಿ ಇರುವ ಬಲಗೈಯನ್ನು ಹಿಂದೆ ಬಚ್ಚಿಟ್ಟುಕೊಳ್ಳುತ್ತಾರೆ. ನಾನು ಶಕ್ತಿ ಇರುವ ಕೈಯನ್ನೇ ಎದುರಿನವಳ ಮೂಗಿನ ಮುಂದೆ ಇಟ್ಟುಕೊಂಡು ನಿಂತಿದ್ದೇನೆ. ಅವರಿಗೆ ದೂರದಿಂದ ಬರುವ ಏಟು ಗೊತ್ತು. ನನ್ನದು ಪಕ್ಕದ ಮನೆಯಿಂದ ಬರುತ್ತದೆ. ಮೊದಲ ದಿನ ನಕ್ಕ ಮೇಲೆ ಕೋಚಮ್ಮ ಅಂದದ್ದು ಇದು: "ನಿಮ್ಮ ಮಾವ ದಡ್ಡರೋ ಬುದ್ಧಿವಂತರೋ ನನಗೆ ಗೊತ್ತಿಲ್ಲ. ಇದನ್ನು ಬದಲಾಯಿಸಿದರೆ ಮಾತ್ರ ನಾನು ದಡ್ಡಿ."

ಒಂದು ಕೊರತೆ ಇತ್ತು. ಹಿಂದಿನ ಕೈ, ಅಂದರೆ ನನ್ನ ಎಡಗೈ, ಬರೀ ಅಲಂಕಾರಕ್ಕೆ ಇತ್ತು. ಅದಕ್ಕೆ ಈ ವರ್ಷ ಕೋಚಮ್ಮ ಎಲ್ಲವನ್ನೂ ಎಡಗೈಯಲ್ಲಿ ಮಾಡಿಸುತ್ತಿದ್ದಾರೆ. ಹಲ್ಲುಜ್ಜುವುದು, ಬಕೆಟ್ ಎತ್ತುವುದು, ಬಟ್ಟೆ ಹಿಂಡುವುದು. ಕಾಗದ ಬರೆಯುವುದೂ ಸೇರಿತ್ತು. ನೀನು ನೋಡಿದ ಕೋಳಿಯ ಹೆಜ್ಜೆ ಅದೇ. ಹೇಳಿದರೆ ನೀನು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಕನ್ನಡಿಯವರೆಗೆ ಬಂದುಬಿಡುತ್ತೀಯ ಅಂತ ಮುಚ್ಚಿಟ್ಟೆ. ಕನ್ನಡಿಯ ವಿಷಯ ನನಗೆ ಗೊತ್ತಾಗಿ ಮೂರು ವರ್ಷವಾಯಿತು. ಕ್ಯಾಂಪಿನಿಂದ ಮೊದಲ ಸಲ ರಜೆಗೆ ಬಂದಾಗ, ಕಾಯುವವರ ಬೆಂಚಿನಲ್ಲಿ ಕೂತಿದ್ದೆ. ತಲೆ ಎತ್ತಿದೆ, ಅರ್ಥವಾಯಿತು. ನೀನು ಯಾರದೋ ಗಡ್ಡಕ್ಕೆ ನೊರೆ ಹಚ್ಚುತ್ತಾ "ನೋಡು, ನಮ್ಮ ಥರಾನೇ ನಿಂತಿದಾನೆ" ಅಂದೆ. ಹೌದು ಮಾವ ಅಂದೆ. ಆವತ್ತು ಹೇಳಿಬಿಡಬೇಕಿತ್ತು. ನಿನ್ನ ಮುಖ ನೋಡಿ ಹೇಳಲಾಗಲಿಲ್ಲ. ತಪ್ಪು ನನ್ನದು.

ಮೂಗಿನ ವಿಷಯ. ಆ ದಿನ ನೀನು ತಂದಿದ್ದ ಬಾಳೆಹಣ್ಣಿನ ಚೀಲವನ್ನು ಗ್ಯಾಲರಿಯಲ್ಲಿ ಯಾರು ತೆಗೆದುಕೊಂಡರು ಅಂತ ನಾನು ರಿಂಗಿನಿಂದ ತಿರುಗಿ ನೋಡಿದೆ. ಆಗ ಬಿತ್ತು ಏಟು. ಹೇಗೆ ನಿಂತಿದ್ದರೂ ಬೀಳುತ್ತಿತ್ತು.

ನೀನು ಸಂಜೆ ಅಂಗಡಿಯ ಹಿತ್ತಲಲ್ಲಿ ನನಗೆ ಬೆನ್ನು ಹಾಕಿ ನಿಲ್ಲುತ್ತಿದ್ದೆ. "ನಾನು ಮಾಡಿದ ಹಾಗೆ ಮಾಡು" ಅನ್ನುತ್ತಿದ್ದೆ. ನನಗೆ ಬಾಕ್ಸಿಂಗ್ ಅಂದರೆ ಮೊದಲು ನೆನಪಾಗುವುದು ಬೆವರಿನಿಂದ ಅಂಟಿದ ನಿನ್ನ ಅಂಗಿ, ಅದರ ಮೇಲೆ ಗಿರಾಕಿಗಳ ಕೂದಲಿನ ಚೂರು. ನೀನು ಒಂದು ಸಲವೂ ಹಿಂದೆ ತಿರುಗುತ್ತಿರಲಿಲ್ಲ. ನಾನು ಸರಿಯಾಗಿಯೇ ಮಾಡುತ್ತಿದ್ದೇನೆ ಅಂತ ನಿನಗೆ ಎಷ್ಟು ನಂಬಿಕೆ ಅಂತ ನನಗೆ ಜಂಬ ಬರುತ್ತಿತ್ತು. ಆ ಜಂಬದ ಮೇಲೇ ನಾನು ಇವತ್ತಿಗೂ ರಿಂಗಿಗೆ ಹತ್ತುವುದು.

ಹೊಸ ಕಥೆ ನನಗೂ ಬಂತು. ನಿನ್ನ ಜಾಗದಲ್ಲಿ ಒಬ್ಬ ನಿವೃತ್ತ ಸೈನಿಕ. ಬೆಟ್ಟದ ಮೇಲೆ ನನ್ನನ್ನು ಓಡಿಸುತ್ತಾನೆ, ಪೀಪಿ ಊದುತ್ತಾನೆ. ಡೈರೆಕ್ಟರ್ ಇಲ್ಲಿಗೇ ಬಂದಿದ್ದರು. "ಕನ್ನಡಿ ನೋಡಿ ಕಲಿಸಿದ ಕ್ಷೌರಿಕ ಅಂದರೆ ಜನ ನಂಬ್ತಾರೇನಮ್ಮಾ?" ಅಂದರು. ನಾನು ಕಾಗದವನ್ನು ಸಹಿಯಿಲ್ಲದೆ ವಾಪಸ್ ಕೊಟ್ಟೆ. "ಮಾವ ಇಲ್ಲದಿದ್ದರೆ ಅದು ಬೇರೆ ಯಾರದೋ ಕಥೆ ಸಾರ್, ಅವರ ಹತ್ತಿರ ಸಹಿ ಹಾಕಿಸಿಕೊಳ್ಳಿ" ಅಂದೆ. ಬರೆಯುವ ಹುಡುಗಿ ಅವರ ಹಿಂದೆ ನಿಂತು ನನಗೆ ಹೆಬ್ಬೆರಳು ತೋರಿಸಿದಳು. ಅವಳು ನಿನ್ನನ್ನು ನೋಡಿ ನಕ್ಕಿದ್ದಲ್ಲ. ಇಂಥ ಕಥೆ ತನಗೆ ಸಿಕ್ಕಿತಲ್ಲ ಅಂತ ನಕ್ಕದ್ದು.

ಸಿನಿಮಾ ಆಗದೇ ಇರಬಹುದು. ಬೀದಿಯವರಿಗೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು.

ಒಂಬತ್ತನೇ ತಾರೀಕು ಸಂಜೆ ಐದಕ್ಕೆ ಪಂದ್ಯ. ಟೀವಿಯಲ್ಲಿ ಬರುತ್ತದೆ. ನನ್ನದು ಟೀವಿಯಲ್ಲಿ ಬರುವುದು ಇದೇ ಮೊದಲು. ನೀನು ಕಲಿಸಿದ ಹಾಗೇ ನಿಲ್ಲುತ್ತೇನೆ.

ಕಡ್ಡಿ
(ಇದನ್ನು ಬಲಗೈಯಲ್ಲಿ ಬರೆದೆ. ಪೂರ್ತಿ ಓದಲಿ ಅಂತ.)


ಏಪ್ರಿಲ್ ೧೦

ನನ್ನ ಕಡ್ಡೀ, ನನ್ನ ಪೈಲ್ವಾನಳೇ,

ನಿನ್ನ ಕಾಗದವನ್ನು ಕೂತು ಓದಿದೆ. ಎದ್ದು ಓದಿದೆ. ಆಮೇಲೆ ಅಂಚೆಯವನು ಅದನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದ. ದರ್ಜಿ ಕಣ್ಣೊರೆಸಿಕೊಂಡ. ನಾನು ಒರೆಸಿಕೊಳ್ಳಲಿಲ್ಲ, ಮುಖಕ್ಕೆ ಪೌಡರ್ ಹಾರಿತ್ತು, ಅಷ್ಟೇ.

ನಿನ್ನೆಯ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆಯೇ ರಿಪೇರಿಯವನನ್ನು ಕರೆಸಿ ಟೀವಿಯನ್ನು ಹಿಂದಿನ ಗೋಡೆಗೇ ಹಾಕಿಸಿದೆ. "ಅಣ್ಣಾ, ನಿನಗೇನು ಹುಚ್ಚಾ? ಇವತ್ತಾದರೂ ನೇರ ನೋಡಬಾರದಾ?" ಅಂದ. "ನಮ್ಮ ಹುಡುಗಿಯನ್ನು ತಯಾರು ಮಾಡಿದ್ದು ಆ ಗೋಡೆ. ಅದಕ್ಕೆ ನೋಡೋ ಹಕ್ಕಿಲ್ಲವಾ?" ಅಂದೆ. ನಿಜ ಹೇಳಲಾ? ನೇರ ನೋಡಲು ಭಯ. ಕನ್ನಡಿಯಲ್ಲಾದರೆ ಯಾರಿಗೋ ಬೀಳುವ ಏಟು ಅನ್ನಿಸುತ್ತದೆ.

ಅಂಗಡಿಯಲ್ಲಿ ಹದಿನೆಂಟು ಜನ. ನಿನ್ನಮ್ಮ ಆಸ್ಪತ್ರೆಯಿಂದ ಒದ್ದೆ ಸೆರಗಿನಲ್ಲೇ ಬಂದು ಗಿರಾಕಿಯ ಕುರ್ಚಿಯಲ್ಲಿ ಕೂತಳು. ಅಂಚೆಯವನಿಗೆ ಅರ್ಧ ಗಡ್ಡ ಹೆರೆದಿದ್ದೆ. ಅವನನ್ನು ಹಾಗೇ ಎಬ್ಬಿಸಿ ಬೆಂಚಿಗೆ ಕಳಿಸಿದೆ.

ನೀನು ಬಂದೆ. ಆಗ ಒಂದು ವಿಚಿತ್ರ ನೋಡಿದೆ ಕಡ್ಡೀ. ಕನ್ನಡಿಯಲ್ಲಿ ಎದುರಿನವಳು ನಮ್ಮ ಥರ ನಿಂತಿದ್ದಾಳೆ, ನೀನು ಬೇರೆ ಥರ ನಿಂತಿದ್ದೀಯ! ತಿರುಗಿ ಟೀವಿ ನೋಡಿದೆ. ಅಲ್ಲೂ ನೀನೇ ಬೇರೆ. ನೇರ ನೋಡಿದರೂ ನೀನೊಬ್ಬಳೇ ಬೇರೆ, ಕನ್ನಡಿಯಲ್ಲಿ ನೋಡಿದರೂ ನೀನೊಬ್ಬಳೇ ಬೇರೆ. ಆಗ ನನ್ನ ಎದೆ ತಣ್ಣಗಾಯಿತು. ಇವಳನ್ನು ಯಾವ ಕನ್ನಡಿಯೂ ಕೆಡಿಸಲಾರದು ಅನ್ನಿಸಿತು.

ಎರಡನೇ ಸುತ್ತಿನಲ್ಲಿ ನೀನು ಹಿಂದೆ ಬಿದ್ದೆ. ನಿನ್ನಮ್ಮ ನನ್ನ ಮೊಣಕೈಯನ್ನು ಹಿಡಿದು ಹಿಂಡಿದ ಗುರುತು ಇವತ್ತೂ ನೀಲಿಯಾಗಿದೆ. ಮೂರನೆಯದರಲ್ಲಿ ಆ ಅಲಂಕಾರದ ಕೈ ಎಲ್ಲಿಂದಲೋ ಬಂತು ನೋಡು! ಹಲ್ಲುಜ್ಜಿದ ಕೈ, ಬಕೆಟ್ ಎತ್ತಿದ ಕೈ! ದರ್ಜಿ ನನ್ನ ಹೆಗಲ ಮೇಲೆ ಹತ್ತಿಬಿಟ್ಟ. ತೀರ್ಪು ಹೇಳುವಾಗ ನಾನು ಕಣ್ಣು ಮುಚ್ಚಿಕೊಂಡೆ. ಕೂಗಿದವನು ಅಂಚೆಯವನು, ಅರ್ಧ ಮುಖ ನೊರೆಯಲ್ಲಿ: "ಮೂರು ಜನ ನಮಗೆ, ಇಬ್ಬರು ಅವಳಿಗೆ! ಗೆದ್ದಳು ಕಣ್ರೋ!"

ಆ ಇಬ್ಬರಿಗೆ ಕಣ್ಣು ಕಾಣುವುದಿಲ್ಲ. ಹೋಗಲಿ, ಕ್ಷಮಿಸಿದ್ದೇನೆ.

ಸಿನಿಮಾ ಆಗದಿದ್ದರೆ ಆಗದಿರಲಿ. ಬೀದಿಯವರಿಗೆ ಹೇಳಿದ್ದೇನೆ, ನಮ್ಮ ಕಥೆ ಅವರ ತೆರೆಗೆ ಹಿಡಿಸಲಿಲ್ಲ, ತೆರೆ ಸಣ್ಣದು ಅಂತ.

ಇಂತಿ,
ದೇಶದ ತಂಡದ ಮಾವ


ಏಪ್ರಿಲ್ ೨೬

ಮಾವಾ,

ಓಡಿಹೋಗಿ ಮೀಸೆಗೆ ಬಣ್ಣ ಹಚ್ಚು. ಪತ್ರಿಕೆಯವರು "ಹೀಗೆ ನಿಲ್ಲಲು ಯಾರು ಕಲಿಸಿದರು" ಅಂತ ಕೇಳಿದರು, ಕನ್ನಡಿಯ ಕಥೆಯನ್ನು ಹಾಗೇ ಹೇಳಿಬಿಟ್ಟೆ. ನಾಲ್ಕು ಪತ್ರಿಕೆಯಲ್ಲಿ ಬಂತು. ಜನ ನಂಬಿದರು ಮಾವ. ಡೈರೆಕ್ಟರ್ ಮರುದಿನವೇ ಹಳೇ ಕಥೆ ಹಿಡಿದುಕೊಂಡು ಬಂದರು. ಸೈನಿಕ ಹೋದ, ಪೀಪಿ ಹೋಯಿತು. ಕೂದಲು ಕೆಟ್ಟ ಫೋಟೋದಿಂದ ಶುರು. ಸಹಿ ಹಾಕಿದೆ.

ಒಂದೇ ಷರತ್ತು ಹಾಕಿದ್ದೇನೆ. ಹಿತ್ತಲಿನ ದೃಶ್ಯದಲ್ಲಿ ಮಾವನ ಮುಖ ತೋರಿಸಬಾರದು, ಬೆನ್ನು ಮಾತ್ರ. ನಾನು ನೋಡಿದ್ದು ಅದನ್ನೇ. ಕೋಪ ಮಾಡಿಕೊಳ್ಳಬೇಡ.

ಕಡ್ಡಿ


ಜೂನ್ ೧೮

ಕಡ್ಡೀ,

ನನ್ನ ಮೀಸೆಗೆ ನೀನು ಮಾಡಿದ ದ್ರೋಹವನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ. ಎರಡು ಡಬ್ಬಿ ಬಣ್ಣ!

ಆದರೆ ಕೇಳು. ನನ್ನ ಪಾತ್ರಕ್ಕೆ ಬಂದ ನಟನಿಗೆ ಭುಜ ಬಾಗಿಲಿನಷ್ಟು ಅಗಲ. ಮುಖದ ದೃಶ್ಯಗಳಿಗೆ ಪರವಾಗಿಲ್ಲ, ನನ್ನಷ್ಟಲ್ಲದಿದ್ದರೂ ಲಕ್ಷಣವಾಗಿದ್ದಾನೆ. ಹಿತ್ತಲಿನಲ್ಲಿ ಬೆನ್ನು ತಿರುಗಿಸಿ ನಿಂತಾಗ ಮಾತ್ರ ಬರೆಯುವ ಹುಡುಗಿ ಮುಖ ಸಿಂಡರಿಸಿದಳು. "ಸಾರ್, ಇದು ಕತ್ತರಿ ಹಿಡಿದವನ ಬೆನ್ನಲ್ಲ" ಅಂದಳು. ಇಪ್ಪತ್ತೈದು ವರ್ಷ ಗಿರಾಕಿಗಳ ಮೇಲೆ ಬಾಗಿದ ಬೆನ್ನು ಜಿಮ್ಮಿನಲ್ಲಿ ಸಿಗುತ್ತದಾ? ಡೈರೆಕ್ಟರ್ ಸಾಹೇಬರು ಸುತ್ತ ನೋಡಿದರು. ನಾನು ಹಿತ್ತಲ ಬಾಗಿಲಲ್ಲಿ ಟೀ ಕುಡಿಯುತ್ತಿದ್ದೆ.

"ಯಜಮಾನ್ರೇ, ಸ್ವಲ್ಪ ತಿರುಗಿ ನಿಂತ್ಕೊಳ್ತೀರಾ?"

ನಿಂತೆ. ನಾಲ್ಕು ದಿನ ನಿಂತೆ. ನೀನಾಗಿ ಅಭಿನಯಿಸುವ ಹುಡುಗಿಗೆ ಬಲಗೈ ಮುಂದಿಟ್ಟು ನಿಲ್ಲುವುದು ಬರುತ್ತಿರಲಿಲ್ಲ. ಅವರು ಇಟ್ಟಿದ್ದ ಕೋಚು ಎದುರಿಗೆ ನಿಂತು ಹೇಳಿ ಹೇಳಿ ಸೋತಿದ್ದ. ನನ್ನ ಹಿಂದೆ ನಿಂತಳು, ಬಂತು. ಈಗ ನನಗೆ ಇಬ್ಬರು ಶಿಷ್ಯೆಯರು. ಬೋರ್ಡು ಬರೆಸುತ್ತಿದ್ದೇನೆ.

ಒಂದು ಮಾತಿಗೆ ಮಾತ್ರ ಅವರ ಜೊತೆ ಜಗಳವಾಡಿದೆ. ಲೈಟಿನವನು ಮುಂದಿನಿಂದ ದೀಪ ಹಾಕಿದ್ದ. ತಪ್ಪು ಅಂದೆ. ಸಂಜೆ ನಮ್ಮ ಹಿತ್ತಲಿನಲ್ಲಿ ಬಿಸಿಲು ಬೆನ್ನಿಗೆ ಬೀಳುತ್ತದೆ, ಹಿಂದಿನಿಂದ ಹಾಕು ಅಂದೆ. "ಏನು ವ್ಯತ್ಯಾಸ?" ಅಂದ. ಅವನಿಗೆ ಹೇಳಲಿಲ್ಲ, ನಿನಗೆ ಹೇಳುತ್ತೇನೆ.

ನಾನು ಹಿಂದೆ ತಿರುಗುತ್ತಿರಲಿಲ್ಲ, ಅಷ್ಟು ನಂಬಿಕೆ ಅಂತ ಬರೆದಿದ್ದೆಯಲ್ಲ. ಅದೊಂದು ಸುಳ್ಳನ್ನು ನಾನು ಹೇಳದೆಯೇ ನೀನು ನಂಬಿದ್ದೀಯ. ನನಗೆ ನಂಬಿಕೆಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಬೀಳುತ್ತಾಳೋ, ಉಳುಕಿಸಿಕೊಳ್ಳುತ್ತಾಳೋ, ನನ್ನಕ್ಕನಿಗೆ ಏನು ಉತ್ತರ ಹೇಳಲಿ ಅಂತ ಜೀವ ಕೈಯಲ್ಲಿ ಹಿಡಿದುಕೊಂಡು ನಿಲ್ಲುತ್ತಿದ್ದೆ. ಬಿಸಿಲು ಹಿಂದಿನಿಂದ ಬೀಳುತ್ತಿತ್ತು. ಮುಂದಿನ ಗೋಡೆಯ ಮೇಲೆ ನನ್ನ ದಪ್ಪ ನೆರಳು, ಅದರ ಪಕ್ಕ ನಿನ್ನ ಕಡ್ಡಿ ನೆರಳು. ಆರು ವರ್ಷ ನಾನು ನೋಡಿದ್ದು ನಿನ್ನ ನೆರಳನ್ನೇ. ಕೈ ಇಳಿದರೆ "ಕೈ ಮೇಲೆ" ಅನ್ನುತ್ತಿದ್ದೆ, ನೀನು "ತಲೆಯ ಹಿಂದೆಯೂ ಕಣ್ಣಿದೆಯಾ ಮಾವ" ಅನ್ನುತ್ತಿದ್ದೆ. ಆ ಹೊಗಳಿಕೆ ಕಳೆದುಕೊಳ್ಳಲು ಮನಸ್ಸಿರಲಿಲ್ಲ, ಅದಕ್ಕೇ ಇಷ್ಟು ದಿನ ಹೇಳಲಿಲ್ಲ.

ಒಂದು ಸಮಾಧಾನವಿದೆ. ಕನ್ನಡಿ ನನಗೆ ಎಲ್ಲವನ್ನೂ ಉಲ್ಟಾ ತೋರಿಸಿತು. ಗೋಡೆ ನಿನ್ನನ್ನು ನೀನಿದ್ದ ಹಾಗೇ ತೋರಿಸಿತು.

ಸಿನಿಮಾ ಬಂದಾಗ ದಪ್ಪನೆಯ ಬೆನ್ನೊಂದು ಕಂಡರೆ ಶಿಳ್ಳೆ ಹಾಕು. ಆದರೆ ಆ ಬೆನ್ನನ್ನೇ ನೋಡುತ್ತಾ ಕೂರಬೇಡ. ಗೋಡೆ ನೋಡು.

ಇಂತಿ,
ತಲೆಯ ಹಿಂದೆ ಕಣ್ಣಿಲ್ಲದ
ನಿನ್ನ ಮಾವ